ಸರಿಸಬಾರದ ಸೀಟು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಲಾರಿ ಅಂಗಳದ ಮೂಲೆಯ ನಲ್ಲಿಯ ಕೆಳಗೆ ಬಕೆಟ್ ತುಂಬುತ್ತಿದೆ. ಅದು ತುಂಬುವಷ್ಟರಲ್ಲಿ ಆಕೆ ಮೊದಲ ಲಾರಿಯ ಮೆಟ್ಟಿಲು ಹತ್ತಿ ಬಾಗಿಲು ತೆಗೆದು, ಒಳಗಿನ ಗಾಳಿ ಹೊರಗೆ ಹೋಗಲೆಂದು ಒಂದು ಗಳಿಗೆ ಪಕ್ಕಕ್ಕೆ ನಿಲ್ಲುತ್ತಾರೆ. ವಾರಗಟ್ಟಲೆ ಒಬ್ಬನೇ ಮನುಷ್ಯ ಉಂಡು, ಮಲಗಿ, ಬೆವರಿ, ಎದುರಿನ ಗಾಡಿಯವರನ್ನೆಲ್ಲ ಬೈದುಕೊಂಡು ಬಂದ ಗೂಡು ಅದು. ಗಾಳಿ ಆಡಿದ ಮೇಲೆ ಸೊಂಟಕ್ಕೆ ಸಿಕ್ಕಿಸಿದ ಬಟ್ಟೆ ಕೈಗೆ ಬರುತ್ತದೆ. ಮೊದಲು ಗಾಜು, ಆಮೇಲೆ ಸ್ಟೀರಿಂಗು, ಕೊನೆಗೆ ನೆಲ.

ಅಂಗಳದವರಿಗೆ ಆಕೆ ಬಕೆಟ್ ಅಕ್ಕ. ದಿನಕ್ಕೆ ಏಳೆಂಟು ಕ್ಯಾಬಿನ್‌ಗಳು ಅವರ ಕೈಯಲ್ಲಿ ಹೊಸದಾಗುತ್ತವೆ. ಸೀಟಿನ ಸಂದಿಯಿಂದ ಬಾಚಣಿಗೆ, ಬಿಸ್ಕತ್ತಿನ ಪುಡಿ, ಒಂಟಿ ಕಾಲುಚೀಲ, ಒಮ್ಮೆ ಯಾರದೋ ಕಟ್ಟುಹಲ್ಲು ಕೂಡ ಹೊರಬಂದಿದೆ. ಹಲ್ಲನ್ನು ತೊಳೆದು ಒರೆಸಿ ಅದರ ವಾರಸುದಾರನ ಕೈಗಿಟ್ಟು, ಮುಂದಿನ ಸಲ ಬಾಯಿಯನ್ನೇ ಬಿಟ್ಟುಹೋಗು ಎಂದರಂತೆ. ಬೈಗುಳದಲ್ಲಿ ಅಕ್ಕ ಎತ್ತಿದ ಕೈ. ಆದರೆ ಅವರ ಬೈಗುಳ ಕೇಳದಿದ್ದರೆ ಊರಿಗೆ ಬಂದಂತೆಯೇ ಆಗುವುದಿಲ್ಲ ಎನ್ನುವ ಡ್ರೈವರ್‌ಗಳು ಅಂಗಳದಲ್ಲಿ ಬೇಕಾದಷ್ಟಿದ್ದಾರೆ.

ಇವತ್ತು ಗೋಡೆಯ ಪಕ್ಕ ನಿಂತಿರುವ ನೀಲಿ ಲಾರಿಯ ಹತ್ತಿರ ಮಾತ್ರ ಬಕೆಟ್ ಹೋಗುವುದಿಲ್ಲ. ಅದರ ಸೀಟಿನ ಕೆಳಗೆ, ಹಿಂದೆಮುಂದೆ ಸರಿಸುವ ಹಿಡಿಗೆ ಕೆಂಪು ಬಟ್ಟೆಯ ಗಂಟೊಂದು ಬಿಗಿದಿದೆ. ಆ ಗಂಟು ಕಂಡರೆ ಇಲ್ಲಿ ಯಾರೂ ಆ ಗಾಡಿಯೊಳಗೆ ಏನನ್ನೂ ಮುಟ್ಟುವುದಿಲ್ಲ. ಡ್ರೈವರ್‌ಗಳು ಇದಕ್ಕೆ ಅಕ್ಕನ ಕಾನೂನು ಎಂದು ಹೆಸರಿಟ್ಟಿದ್ದಾರೆ.

ಆ ಲಾರಿ ಗಿಡ್ಡಣ್ಣನದು. ಎಲ್ಲರೂ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ನಾಲ್ಕು ದಿನದ ಹಿಂದೆ ದೂರದ ಗೋದಾಮಿನ ಮುಂದೆ ಸರಕಿಳಿಸುವ ಸಾಲಿನಲ್ಲಿ ನಿಂತಿದ್ದಾಗ ಅವನ ಎದೆಬಡಿತ ನಿಂತಿತು. ಮುಂದಿನ ಲಾರಿ ಸರಿಯಿತು, ಅವನದು ಸರಿಯಲಿಲ್ಲ. ಹಿಂದಿನವರು ಹಾರನ್ ಹೊಡೆದರು, ಕೆಟ್ಟದಾಗಿ ಬೈದರು. ಕೊನೆಗೊಬ್ಬ ಜಗಳಕ್ಕೆಂದೇ ಇಳಿದು ಬಂದು ಬಾಗಿಲು ತೆಗೆದ. ಹ್ಯಾಂಡ್‌ಬ್ರೇಕ್ ಎಳೆದಿತ್ತು, ಎಂಜಿನ್ ಆರಿಸಿತ್ತು. ಯಾರಿಗೂ ತೊಂದರೆಯಾಗದಂತೆ ಗಾಡಿಯನ್ನು ಕಟ್ಟಿಹಾಕಿಯೇ ಹೋಗಿದ್ದ ಪುಣ್ಯಾತ್ಮ.

ಇಂಥ ಹೊತ್ತಿನಲ್ಲಿ ಲಾರಿ ಮಾಲೀಕರು ಏನು ಮಾಡಬೇಕೆಂದು ಕಾನೂನು ಒಂದಷ್ಟು ಹೇಳುತ್ತದೆ. ಪರಿಹಾರ, ವಿಮೆ, ಬಾಕಿ ಸಂಬಳ. ಅದನ್ನೆಲ್ಲ ಇಲ್ಲಿಯ ಆಫೀಸು ಚಾಚೂ ತಪ್ಪದೆ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಸತ್ತವನ ಮನೆಯವರ ಎದುರು ಯಾರು ನಿಲ್ಲಬೇಕು, ಅವನು ಕೊನೆಗೆ ಕೂತಿದ್ದ ಜಾಗವನ್ನು ಯಾರು ತೋರಿಸಬೇಕು ಎನ್ನುವುದನ್ನು ಯಾವ ಕಾನೂನೂ ಹೇಳುವುದಿಲ್ಲ. ಆ ಕೆಲಸ ಯಾರ ಪಾಲಿಗೂ ಬರದೆ ಕೊನೆಗೆ ಬಕೆಟ್ ಹಿಡಿದವರ ಪಾಲಿಗೆ ಬಂದಿದೆ.

ಅಕ್ಕನ ಗಂಡನೂ ಇದೇ ಕಂಪನಿಯ ಡ್ರೈವರ್. ಆರಡಿಗೂ ಮೀರಿದ ಆಳು. ಯಾವುದೋ ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಚಕ್ರ ನೋಡಲೆಂದು ಇಳಿದವರನ್ನು ಇನ್ನೊಂದು ವಾಹನ ಕೆಡವಿ ಹೋಯಿತು. ಮಣ್ಣು ಮಾಡಿದ ಮೇಲೆ ಒಂದು ದಿನ ಅಕ್ಕ ಈ ಅಂಗಳಕ್ಕೆ ಬಂದು, ಅವರ ಲಾರಿ ತೋರಿಸಿ ಎಂದು ಕೇಳಿಕೊಂಡರು. ತೋರಿಸಿದರು. ಅದನ್ನು ವಾಪಸು ತಂದ ಬದಲಿ ಡ್ರೈವರ್, ಪಾಪ, ಒಳ್ಳೆಯದೇ ಮಾಡಿದ್ದ. ಒಳಗೆಲ್ಲ ಫಿನೈಲ್ ಹಾಕಿ ತೊಳೆದಿದ್ದ, ತನ್ನ ಕಾಲಿಗೆ ಸರಿಯಾಗುವಂತೆ ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದ. ಕನ್ನಡಿಗಳೂ ಅವನ ಕಣ್ಣಿಗೆ ತಿರುಗಿದ್ದವು.

"ಹತ್ತಿ ಕೂತೆ. ಕಾಲು ಚಾಚಿದೆ, ಪೆಡಲ್ ಸಿಕ್ಬಿಡ್ತು," ಎನ್ನುತ್ತಾರೆ ಅಕ್ಕ. "ನಾನು ಇಷ್ಟೇ ಇಷ್ಟುದ್ದ ಇರೋಳು. ಅವರು ಕೂತ ಸೀಟಾಗಿದ್ರೆ ನನ್ನ ಕಾಲು ಎಟುಕ್ತಾನೇ ಇರ್ಲಿಲ್ಲ. ಅವರು ಇಲ್ಲ ಅಂತ ನನಗೆ ನಿಜವಾಗ್ಲೂ ಗೊತ್ತಾಗಿದ್ದು ಆಗಲೇ."

ಆಮೇಲೆ ಕಂಪನಿಯ ಹಳೆಯ ಯಜಮಾನರು ಹೇಳಿಕಳಿಸಿ ಈ ಕೆಲಸ ಕೊಟ್ಟರು. ಹೊಟ್ಟೆಪಾಡು, ಅಕ್ಕ ಒಪ್ಪಿಕೊಂಡರು. ಕಾನೂನು ಮಾಡಿದ್ದು ಮುಂದಿನ ಸಾವಿನಲ್ಲಿ. ಸತ್ತವನ ಗಾಡಿಯನ್ನು ತರಲು ಹೋಗುವವನು ಸೀಟು ಸರಿಸಕೂಡದು. ಕನ್ನಡಿ ತಿರುಗಿಸದೆ ರಸ್ತೆಗಿಳಿಯುವುದು ಅಪಾಯ, ಆದ್ದರಿಂದ ಮೊದಲಿದ್ದ ಕಡೆ ಸೀಮೆಸುಣ್ಣದ ಗೆರೆ ಎಳೆದು, ಅಂಗಳ ಸೇರಿದ ಮೇಲೆ ಗೆರೆಗೆ ಸರಿಯಾಗಿ ತಿರುಗಿಸಿಡಬೇಕು. ಮನೆಯವರು ಬಂದು ನೋಡುವ ತನಕ ಗುಡಿಸಬಾರದು, ಒರೆಸಬಾರದು. ಮೊದಮೊದಲು ನಕ್ಕವರೂ ಈಗ ತಾವಾಗಿಯೇ ಪಾಲಿಸುತ್ತಾರೆ. ಒಂದಲ್ಲ ಒಂದು ದಿನ ತನ್ನ ಮನೆಯವಳು ಆ ಮೆಟ್ಟಿಲು ಹತ್ತಬೇಕಾದೀತು ಎಂಬ ಯೋಚನೆ ಯಾವ ಡ್ರೈವರ್‌ಗೆ ತಾನೆ ಬರುವುದಿಲ್ಲ?

ಗಿಡ್ಡಣ್ಣನ ಲಾರಿ ತರಲು ಹೋದವನು ಅಂಗಳದಲ್ಲೇ ಎತ್ತರದ ಆಳು, ಅಡ್ಡಹೆಸರು ಏಣಿ. ಸ್ಟೀರಿಂಗಿಗೆ ಒತ್ತಿಕೊಂಡಿದ್ದ ಆ ಸೀಟಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಅಷ್ಟು ದೂರ ಬಂದಿದ್ದಾನೆ. ದಾರಿಯುದ್ದಕ್ಕೂ ನಿಂತು ನಿಂತು ಬಂದದ್ದರಿಂದ ಒಂದು ದಿನ ತಡ. ಇಳಿದವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. "ಬದುಕಿದ್ದಾಗ ನನ್ನ ನೋಡಿದ್ರೆ ಕತ್ತು ನೋಯುತ್ತೆ ಅಂತಿದ್ದ. ಹೋಗೋವಾಗ ನನ್ನ ಸೊಂಟ ಮುರಿದು ಲೆಕ್ಕ ಚುಕ್ತಾ ಮಾಡಿದ," ಎಂದ. ಎಂದವನು ಹಾಗೇ ತಿರುಗಿ, ಕಣ್ಣೊರೆಸಿಕೊಳ್ಳುತ್ತ ಗೋಡೆಯ ಕಡೆ ಹೋದ. ಅಕ್ಕ ಅವನ ಹಿಂದೆ ಹೋಗಲಿಲ್ಲ.

ತೊಡಕು ಬಂದಿರುವುದು ಮಹಡಿಯ ಮೇಲಿನ ಆಫೀಸಿನಿಂದ. ಈಗಿನ ಚಿಕ್ಕ ಯಜಮಾನರು ಹೇಳಿಕಳಿಸಿದ್ದಾರೆ: ನೀಲಿ ಲಾರಿ ಮಧ್ಯಾಹ್ನ ಲೋಡಿಗೆ ಹೋಗಬೇಕು, ಗಿಡ್ಡಣ್ಣನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಡಿ, ಮನೆಗೆ ಕಳಿಸೋಣ. ಪೆಟ್ಟಿಗೆಯೂ ಬಂದಿದೆ. ಅಕ್ಕ ಅದನ್ನು ಮಡಚಿ ಗೋಡೆಗೆ ಒರಗಿಸಿ, ಲಾರಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದಾರೆ.

ನಿನ್ನೆ ಗಿಡ್ಡಣ್ಣನ ಹೆಂಡತಿ ಅಕ್ಕನಿಗೆ ಫೋನ್ ಮಾಡಿದ್ದರು. ಎದೆ ಹಿಡಿದಂತಾಗುತ್ತದೆ ಎಂದು ಆತ ಹೊರಡುವ ಮೊದಲೇ ಹೇಳಿದ್ದ. ರಜೆ ಕೇಳು ಎಂದು ಆಕೆ ಅಂಗಲಾಚಿದ್ದರು. ಕೇಳುತ್ತೇನೆ ಎಂದಿದ್ದ, ಆದರೆ ಮರುದಿನ ಗಾಡಿ ಹತ್ತಿ ಹೋಗಿಯೇಬಿಟ್ಟ. ಮಾಲೀಕರ ಮುಂದೆ ಬಾಯಿ ಸತ್ತವನು ಎಂದು ಹೆಂಡತಿ ದಾರಿಯಲ್ಲಿದ್ದವನ ಜೊತೆ ಫೋನಿನಲ್ಲಿ ಜಗಳ ತೆಗೆದರು. ಗಂಡಹೆಂಡಿರ ನಡುವಿನ ಕೊನೆಯ ಮಾತು ಅದೇ. ಈಗ ಆಕೆಗೆ ಗೊತ್ತಾಗಬೇಕಿರುವುದು ಒಂದೇ: ಅವರು ರಜೆ ಕೇಳಿದ್ದರೋ ಇಲ್ಲವೋ?

ಕೇಳಿದ್ದ. ಅಕ್ಕನಿಗೆ ಗೊತ್ತು. ಅವತ್ತು ಗಿಡ್ಡಣ್ಣ ಆಫೀಸಿನ ಮೆಟ್ಟಿಲು ಹತ್ತಿ, ಅಷ್ಟೇ ಬೇಗ ಇಳಿದು ಬಂದಿದ್ದ. ಈ ಒಂದು ಟ್ರಿಪ್ ಮುಗಿಸಿ ಬಾ ಎಂದರಂತೆ ಚಿಕ್ಕ ಯಜಮಾನರು. ಫೋನಿನಲ್ಲಿ ಅದನ್ನು ಹೇಳಲು ಬಾಯಿ ತೆರೆದ ಅಕ್ಕ, ನೀವು ಬನ್ನಿ, ಬಂದ ಮೇಲೆ ತಿಳಿಯುತ್ತದೆ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. "ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದ್ದಾಳೆ ಅಂದ್ಕೋತಾರೆ. ಬೇಡ ಅಂದವರೇ ಹೇಳಬೇಕು," ಎನ್ನುವುದು ಅವರ ವಾದ.

ಆ ಸಂಜೆಯೆಲ್ಲ ಅದೇ ಗುಂಗು. ಅಂಗಳದ ಹಿಂದಿನ ಒಂದೇ ಕೋಣೆ ಅವರ ಮನೆ. ಮದುವೆಯಾಗಿ ದೂರ ಹೋದ ಮಗಳು ವಾರಕ್ಕೊಮ್ಮೆ ಮಾತನಾಡಿಸುತ್ತಾಳೆ. ಉಳಿದ ದಿನ ಆ ಕೋಣೆಯಲ್ಲಿ ಮಾತೆಂದರೆ ಕುಕ್ಕರಿನದು. ಕಪಾಟಿನಲ್ಲಿ ಎರಡು ಲೋಟಗಳಿವೆ, ಒಂದನ್ನು ತೊಳೆಯುವ ಪ್ರಮೇಯವೇ ಬರುವುದಿಲ್ಲ. ದಿನವಿಡೀ ಅಷ್ಟು ಜನರ ಜೊತೆ ಬಾಯಿ ಮಾಡುವ ಅಕ್ಕ ಇಲ್ಲಿ ದೀಪ ಹಾಕಲೂ ಬೇಸರಪಟ್ಟು ಕೂತಿರುತ್ತಾರೆ. ಹೀಗೆ ಕೂರುವವಳು ಇನ್ನೊಬ್ಬಳು ತಯಾರಾಗುತ್ತಿದ್ದಾಳಲ್ಲ ಎಂಬ ಸಂಕಟ ಅವರಿಗೆ.

ಇವತ್ತು ಬೆಳಿಗ್ಗೆ ಕೊನೆಯ ಕ್ಯಾಬಿನ್ ಒರೆಸಿ, ಕೈ ತೊಳೆದು, ಅಕ್ಕ ಆಫೀಸಿನ ಮೆಟ್ಟಿಲು ಹತ್ತುತ್ತಾರೆ. ಚಿಕ್ಕ ಯಜಮಾನರು ಕೆಟ್ಟವರಲ್ಲ. ಮೂರು ದಿನದಿಂದ ಅವರ ಗಡ್ಡಕ್ಕೆ ಬ್ಲೇಡು ತಾಗಿಲ್ಲ. ಪರಿಹಾರಕ್ಕೆ ತಮ್ಮ ಕೈಯಿಂದಲೂ ಸೇರಿಸಿ ಕೊಡುವುದಾಗಿ ಅವರೇ ಮೊದಲು ಹೇಳುತ್ತಾರೆ. ಅದು ನಿಮ್ಮ ದೊಡ್ಡತನ, ಆದರೆ ಬಂದ ವಿಷಯ ಬೇರೆ ಎನ್ನುತ್ತಾರೆ ಅಕ್ಕ. ಗಿಡ್ಡಣ್ಣನ ಹೆಂಡತಿ ಇವತ್ತು ಬರುತ್ತಾರೆ, ಲಾರಿಯ ಬಾಗಿಲನ್ನು ನೀವೇ ತೆಗೆಯಬೇಕು, ಕೇಳಿದ್ದಕ್ಕೆ ನೀವೇ ಉತ್ತರ ಹೇಳಬೇಕು.

"ಯಾವ ಮುಖ ಇಟ್ಕೊಂಡು ಹೋಗ್ಲಿ ಅಕ್ಕ?"

"ಇರೋ ಮುಖಾನೇ ಇಟ್ಕೊಂಡು ಬನ್ನಿ. ನಮ್ಮನೆಯವರು ಹೋದಾಗ ನಿಮ್ಮಪ್ಪ ದುಡ್ಡು ಕೊಟ್ರು, ಕೆಲಸ ಕೊಟ್ರು. ಮುಖ ಮಾತ್ರ ಕೊಡ್ಲಿಲ್ಲ. ನನ್ನ ಕಂಡ್ರೆ ಹಿಂದಿನ ಗೇಟಿಂದ ಹೋಗೋರು. ಕೊನೇವರೆಗೂ ಹಾಗೇ ಹೋದ್ರು."

ಅಕ್ಕ ಕೀಲಿಯನ್ನು ಮೇಜಿನ ಮೇಲಿಟ್ಟು ಇಳಿದು ಬರುತ್ತಾರೆ. ಈಗ ಕೀಲಿ ಚಿಕ್ಕ ಯಜಮಾನರ ಹತ್ತಿರ, ಲಾರಿಯನ್ನು ಲೋಡಿಗೆ ಕಳಿಸುವುದೂ ಅವರ ಕೈಯಲ್ಲೇ ಇದೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಗೇಟಿನ ಹತ್ತಿರ ಗಿಡ್ಡಣ್ಣನ ಹೆಂಡತಿ ಕಾಣಿಸುತ್ತಾರೆ. ಗಂಡನಿಗಿಂತ ಎತ್ತರದ ಹೆಂಗಸು. ಜೊತೆಗೆ ಯಾರೂ ಇಲ್ಲ. ಅಕ್ಕ ಅವರ ಕೈಯಲ್ಲಿದ್ದ ಚೀಲ ಇಸಿದುಕೊಂಡು ನೀಲಿ ಲಾರಿಯ ತನಕ ಕರೆತಂದು ನಿಲ್ಲುತ್ತಾರೆ. ಮಹಡಿಯ ಕಡೆ ನೋಡಬಾರದೆಂದುಕೊಂಡೇ ನೋಡುತ್ತಾರೆ. ಗಾಜಿನ ಹಿಂದೆ ಯಾರೂ ಇಲ್ಲ. ಅಕ್ಕನ ಕಣ್ಣು ಹಿಂದಿನ ಗೇಟಿನ ಕಡೆ ಹೋಗುತ್ತದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಚಿಕ್ಕ ಯಜಮಾನರು ಕೀಲಿ ಹಿಡಿದು ಇಳಿದು ಬರುತ್ತಿದ್ದಾರೆ.

ಅವರೇ ಬಾಗಿಲು ತೆಗೆಯುತ್ತಾರೆ. ಹೆಂಡತಿ ಹತ್ತಿ, ಹೇಗೋ ತೂರಿಕೊಂಡು ಸೀಟಿನಲ್ಲಿ ಕೂರುತ್ತಾರೆ. ಮಂಡಿ ಸ್ಟೀರಿಂಗಿಗೆ ತಾಗುತ್ತದೆ. ಇಷ್ಟು ಮುಂದೆ ಕೂರುತ್ತಿದ್ದರೇ ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಕನ್ನಡಿ ಅವರ ಕಣ್ಣಿಗೆ ಸಿಗದೆ ಬರೀ ನೆಲ ತೋರಿಸುತ್ತಿದೆ. ಅವರು ಅದನ್ನು ಸರಿಮಾಡಲು ಹೋಗುವುದಿಲ್ಲ. ಮುಂದಿನ ಗಾಜನ್ನೇ ನೋಡುತ್ತ ಕೇಳುತ್ತಾರೆ.

"ಅವರು ರಜೆ ಕೇಳಿದ್ರಾ?"

"ಕೇಳಿದ್ರು," ಎನ್ನುತ್ತಾರೆ ಚಿಕ್ಕ ಯಜಮಾನರು. "ಎದೆ ನೋವು ಅಂತಾನೂ ಹೇಳಿದ್ರು. ನಾನೇ ಬಿಡ್ಲಿಲ್ಲ."

ಹೆಂಡತಿ ಬೈಯುತ್ತಾರೆಂದು ಎಲ್ಲರೂ ಕಾದರು. ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. "ಕೇಳಿದ್ರಂತೆ," ಎಂದು ಅಕ್ಕನ ಕಡೆ ತಿರುಗಿ ಹೇಳಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತರು. ಚಿಕ್ಕ ಯಜಮಾನರು ಬಿಸಿಲಿನಲ್ಲಿ ಹಾಗೇ ನಿಂತರು. ಲೋಡು ಆ ದಿನ ಹೋಗಲಿಲ್ಲ.

ಸಂಜೆ ಅಕ್ಕ ಗಿಡ್ಡಣ್ಣನ ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದು, ನೀಲಿ ಲಾರಿಯ ಕೆಂಪು ಗಂಟು ಬಿಚ್ಚುತ್ತಾರೆ. ನಾಳೆ ಇನ್ನೊಬ್ಬ ಹತ್ತುತ್ತಾನೆ, ಸೀಟು ಸರಿಸಿಕೊಳ್ಳುತ್ತಾನೆ. ಅದು ಆಗಲೇಬೇಕು, ಅವನೂ ಹೊಟ್ಟೆಪಾಡಿನವನೇ. ಗಂಟು ಬಿಚ್ಚಿದ ಬಟ್ಟೆಯನ್ನು ಒಗೆದು ಹಿಂಡಿ ತಮ್ಮ ಕೋಣೆಯ ಕಿಟಕಿಯ ಸರಳಿಗೆ ಹರವಿ, ಅಕ್ಕ ಮೆಟ್ಟಿಲ ಮೇಲೆ ಕೂರುತ್ತಾರೆ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿವೆ. ಅವರ ಗಂಡನ ಲಾರಿಯನ್ನು ಕಂಪನಿ ಮಾರಿ ಬಹಳ ಕಾಲವಾಗಿದೆ. ಎಲ್ಲಿ ಓಡುತ್ತಿದೆಯೋ, ಗುಜರಿಗೇ ಬಿದ್ದಿದೆಯೋ, ಆದರೂ ಹಳೆಯ ಗಾಡಿ ಕಂಡರೆ ಅಕ್ಕ ಒಮ್ಮೆ ಕತ್ತೆತ್ತದೆ ಇರಲಾರರು. ಸಿಕ್ಕರೆ ಏನು ಮಾಡುತ್ತೀರಿ ಎಂದರೆ ನಗುತ್ತಾರೆ.

"ಏನ್ ಮಾಡ್ಲಿ? ಹತ್ತಿ, ಸೀಟನ್ನ ಪೂರ್ತಿ ಹಿಂದಕ್ಕೆ ತಳ್ಳಿ ಒಂದ್ಸಲ ಕೂತ್ಕೋಬೇಕು. ಕಾಲು ಎಟುಕ್ದೇ ಇದ್ರೆ ಸಾಕು."