ಸಂದಿಯ ಗಾಳಿ

ಇವತ್ತು ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ, ಬಿಸಿಲು ತಡೆಯಲಾರದೆ ಒಂದು ಮೊಬೈಲ್ ಅಂಗಡಿಯ ಪಕ್ಕದ ನೆರಳಿಗೆ ಸರಿದು ನಿಂತೆ. ನಿಂತ ಕೂಡಲೇ ಮೊಣಕಾಲಿಗೆ ಬಿಸಿಗಾಳಿ ಬಡಿಯಿತು. ತಿರುಗಿ ನೋಡಿದರೆ ಗೋಡೆಯಲ್ಲಿ ಎ.ಸಿ.ಯ ಹೊರಗಿನ ಪೆಟ್ಟಿಗೆ ಗೊರಗೊರ ಅನ್ನುತ್ತಿತ್ತು. ಒಳಗೆ ಯಾರೋ ತಣ್ಣಗೆ ಕೂತಿದ್ದರು. ಅವರ ಸೆಕೆಯೆಲ್ಲ ನನ್ನ ಸೀರೆಯ ನೆರಿಗೆಗೆ ಬರುತ್ತಿತ್ತು. ಬೇರೆಯವರಾಗಿದ್ದರೆ ಎರಡು ಹೆಜ್ಜೆ ಆಚೆ ಹೋಗುತ್ತಿದ್ದರು. ನಾನು ಬಸ್ಸು ಬರುವವರೆಗೂ ಅಲ್ಲೇ ನಿಂತೆ. ಎರಡು ಬೇಸಿಗೆ ನಮ್ಮ ಮನೆಯಿಂದಲೂ ಇಂಥದೇ ಗಾಳಿ ಹೊರಗೆ ಹೋಗುತ್ತಿತ್ತು. ಅದು ಯಾರ ಮೇಲೆ ಬೀಳುತ್ತಿತ್ತು ಅನ್ನುವುದನ್ನು ನಿಮಗೆ ಹೇಳಬೇಕು.

ನನ್ನ ತವರು ರಾಣೆಬೆನ್ನೂರು. ನಮ್ಮ ಮನೆಯವರಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸವಾಗಿ ಕೆ.ಜಿ.ಎಫ್.ಗೆ ಬಂದಾಗ ನಾಲ್ಕು ವರ್ಷ ಇದ್ದು ಹೋಗೋಣ ಅಂದುಕೊಂಡಿದ್ದೆವು. ಇಲ್ಲಿಗೆ ಬಂದವರೆಲ್ಲ ಹಾಗೇ ಅಂದುಕೊಳ್ಳುತ್ತಾರಂತೆ. ಇಪ್ಪತ್ತಮೂರು ವರ್ಷವಾಯಿತು. ಉರಿಗಾಂನಲ್ಲಿ ಗಣಿ ಕೆಲಸಗಾರರ ಹಳೆಯ ಸಾಲುಮನೆಗಳಿಗೆ ಅಂಟಿಕೊಂಡಂತೆ ಒಂದು ಪುಟ್ಟ ತಾರಸಿ ಮನೆ ನಮ್ಮದು. ಸಾಲಿನ ಕೊನೆಯ ಮನೆಗೂ ನಮಗೂ ನಡುವೆ ಒಂದು ಸಂದಿ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು, ಅಷ್ಟೇ ಅಗಲ. ನನ್ನ ಅಡುಗೆಮನೆಯ ಬಾಗಿಲು ಆ ಸಂದಿಗೆ ತೆರೆಯುತ್ತದೆ. ಕೊನೆಯ ಮನೆಯ ಹಿತ್ತಿಲ ಬಾಗಿಲೂ ಅಲ್ಲಿಗೇ. ಆ ಮನೆಯಲ್ಲಿದ್ದವಳು ಮುನಿಯಕ್ಕ.

ಬಂದ ಮೊದಲ ವಾರ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬಾಗಿಲಲ್ಲಿ ಒಂದು ತಲೆ ಇಣುಕಿತು.

"ಏನಮ್ಮಣ್ಣಿ ಅದು ಸದ್ದು? ನಾನು ಗೋಡೆ ಬೀಳ್ತಾ ಐತೇನೋ ಅಂತ ಓಡ್ಬಂದೆ!"

ಅಮ್ಮಣ್ಣಿ ಅಂದರೆ ನಾನು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ರೊಟ್ಟಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ಅಲ್ಲೇ ನಿಂತು ತಿಂದು, "ಚೆಂದಾಗೈತೆ. ಆದ್ರೆ ಮುದ್ದೆ ಉಂಡಂಗಾಗಲ್ಲ" ಎಂದಳು. ಸಂಜೆಗೆ ಒಂದು ಬಟ್ಟಲು ಮಸ್ಸೊಪ್ಪು ಬಂತು. ನನಗಿಂತ ಹದಿನೈದು ವರ್ಷ ದೊಡ್ಡವಳು. ಕಾಮಸಮುದ್ರದ ಕಡೆಯ ಒಂದು ಹಳ್ಳಿಯಿಂದ, ಗಣಿಯಲ್ಲಿ ಕೆಲಸವಿದ್ದ ಗಂಡನ ಕೈಹಿಡಿದು ಬಂದವಳು. ಗಂಡ ನಾನು ಬರುವ ಮೊದಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ, ಹನ್ನೊಂದಕ್ಕೆಲ್ಲ ಮನೆಗೆ ಬಂದುಬಿಡುತ್ತಿದ್ದಳು.

ಸಂದಿಯಲ್ಲಿ ಅವಳ ಬಾಗಿಲ ಪಕ್ಕ ಒಂದು ಚಪ್ಪಡಿ ಕಲ್ಲು. ಅವಳ ಗಂಡ ಹಾಕಿದ್ದು. "ಗಣಿ ಕೆಳಗೆ ಬಂಡೆ ಮುಟ್ಟಿದ್ರೆ ಕೈ ಸುಡ್ತಿತ್ತಂತೆ. ಮೇಲಕ್ಕೆ ಬಂದೋರು ಮನೆಯೊಳಗೇ ಬರ್ತಿರ್ಲಿಲ್ಲ. ಇಲ್ಲೇ ಕೂತ್ಕಂಡು ಗಾಳಿ ಕುಡೀತಿದ್ರು" ಎನ್ನುತ್ತಿದ್ದಳು. ಗಾಳಿ ಕುಡಿಯುವುದು ಅವಳದೇ ಮಾತು. ಅದು ನಿಜ ಕೂಡ. ಊರೆಲ್ಲ ಉರಿಯುವ ಏಪ್ರಿಲ್ ತಿಂಗಳಲ್ಲೂ, ಗಣಿಯ ಪುಡಿ ಸುರಿದ ಸೈನೈಡ್ ದಿಬ್ಬದ ಧೂಳು ಬೀದಿಯಲ್ಲಿ ಏಳುವಾಗಲೂ, ಆ ಸಂದಿಯಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲಿಂದಲೋ ತೆಳ್ಳಗೆ ಗಾಳಿ ಬರುತ್ತಿತ್ತು. ಶೀಟಿನ ಚಾವಣಿಯ ಅವಳ ಮನೆ ಕಾದು ಹಂಚಾಗಿರುತ್ತಿತ್ತು. ಹಿತ್ತಿಲ ಬಾಗಿಲು ತೆರೆದರೆ ಮಾತ್ರ ಬದುಕು.

ಆ ಕಲ್ಲಿನ ಮೇಲೆ ನಾವು ಎಷ್ಟು ಮಧ್ಯಾಹ್ನ ಕೂತಿದ್ದೇವೋ ಲೆಕ್ಕವಿಲ್ಲ. ಅವರೆಕಾಯಿ ಕಾಲದಲ್ಲಿ ಹಿತಕುತ್ತಾ, ಉಳಿದ ಕಾಲದಲ್ಲಿ ಅಕ್ಕಿ ಆರಿಸುತ್ತಾ, ಆರಿಸುವುದಕ್ಕೆ ಏನೂ ಇಲ್ಲದಿದ್ದರೆ ನೆರೆಹೊರೆಯವರನ್ನು ಆರಿಸುತ್ತಾ. ನನ್ನ ಮಗಳು ತೆವಳಿದ್ದು ಅಲ್ಲಿ, ಮಗ್ಗಿ ಕಲಿತದ್ದು ಅಲ್ಲಿ. ತವರಿನಿಂದ ಅವ್ವ ಹೋದ ಸುದ್ದಿ ಬಂದ ದಿನ ನಾನು ಅಳುವುದನ್ನೂ ಮರೆತು ನಿಂತಿದ್ದಾಗ, ಮುನಿಯಕ್ಕ ನನ್ನನ್ನು ಎಳೆದು ಆ ಕಲ್ಲಿನ ಮೇಲೆ ಕೂರಿಸಿ, ಬೆನ್ನಿಗೆ ಎರಡೇಟು ಹಾಕಿ ಅಳಿಸಿದಳು. ನನ್ನ ಒಗ್ಗರಣೆ ಸೀದರೆ ಅವಳಿಗೆ ಗೊತ್ತಾಗುತ್ತಿತ್ತು. ಅವಳು ಕೆಮ್ಮಿದರೆ ನನಗೆ ಕೇಳುತ್ತಿತ್ತು. ಕೂಗುವುದು ಅಂದರೆ ನಮಗೆ ಸುಮ್ಮನೆ ಮಾತನಾಡುವುದಕ್ಕಿಂತ ಒಂದು ಚೂರು ಜೋರು, ಅಷ್ಟೇ.

ಹೀಗಿರುವಾಗ ಮಗಳ ಮದುವೆಯಾಯಿತು. ಮೊದಲ ಬೇಸಿಗೆಗೆ ಅಳಿಯ ನಾಲ್ಕು ದಿನ ಇರಲು ಬರುತ್ತಾನೆ ಎಂದಾಗ ನಾನು ಎ.ಸಿ. ಹಾಕಿಸಬೇಕೆಂದು ಹಟ ಹಿಡಿದೆ. ಅವನು ಕೇಳಿರಲಿಲ್ಲ, ಪಾಪ. ನಮ್ಮ ಮನೆಯವರು "ಫ್ಯಾನು ಸಾಲದಾ?" ಎಂದರು. ನಾನು ಕೇಳಲಿಲ್ಲ. ಬೀಗರ ಮನೆಯಲ್ಲಿ ಎರಡು ಎ.ಸಿ. ಇವೆ ಎಂದು ನಾನು ಎಣಿಸಿಕೊಂಡು ಬಂದಿದ್ದೆ.

ಹಾಕಲು ಬಂದವನು ನಾಗೇಶ. ಹೊಸ, ಹಳೆಯ, ಕೆಟ್ಟ ಎ.ಸಿ.ಗಳ ಕೆಲಸವನ್ನೆಲ್ಲ ಗುತ್ತಿಗೆ ಹಿಡಿಯುವವನು. ಕನ್ನಡ, ತಮಿಳು, ತೆಲುಗು ಮೂರನ್ನೂ ಸಕ್ಕರೆ ಹಾಕಿದಂತೆ ಮಾತನಾಡುತ್ತಿದ್ದ. ಹೊರಗಿನ ಪೆಟ್ಟಿಗೆಯನ್ನು ತಾರಸಿಯ ಮೇಲೆ ಇಡುವುದೆಂದು ಮಾತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಅದನ್ನು ಸಂದಿಯ ಗೋಡೆಗೆ, ಸರಿಯಾಗಿ ಮುನಿಯಕ್ಕನ ಬಾಗಿಲಿಗೆ ಮುಖಮಾಡಿ ಬಿಗಿದಿದ್ದ.

"ಪೈಪ್ ಸಾಲ್ಲಿಲ್ಲ ಮೇಡಂ. ಈಗ ಇಲ್ಲಿರ್ಲಿ. ಶನಿವಾರ ಉದ್ದ ಪೈಪ್ ತಂದು ಮೇಲಕ್ಕೆ ಎತ್ತಿಬಿಡ್ತೀನಿ. ಅರ್ಧ ಗಂಟೆ ಕೆಲ್ಸ."

ಅಳಿಯ ಬಂದ. ಮೊದಲ ರಾತ್ರಿಯೇ ಎರಡು ಸಲ ಸೀನಿ, "ಅತ್ತೆ, ನಂಗೆ ಎ.ಸಿ. ಆಗೋದಿಲ್ಲ" ಎಂದು ಚಾಪೆ ತೆಗೆದುಕೊಂಡು ತಾರಸಿಗೆ ಹೋಗಿ ಮಲಗಿದ. ಉಳಿದ ಮೂರು ದಿನವೂ ಅಲ್ಲೇ. ಇದನ್ನು ನಾನು ಬಹಳ ಜನಕ್ಕೆ ಹೇಳಿಲ್ಲ.

ಶನಿವಾರ ನಾಗೇಶ ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಫೋನು ಮಾಡಿದರೆ ಮಾತ್ರ ತಕ್ಷಣ ಎತ್ತುತ್ತಿದ್ದ. ಆ ಗುಣಕ್ಕೆ ಮೋಸವಿಲ್ಲ. ನನಗೆ "ಇಗೋ ಬಂದೆ", ನಮ್ಮ ಮನೆಯವರಿಗೆ ತಮಿಳಿನಲ್ಲಿ "ಇದೋ ವಂದುಟ್ಟೇನ್ ಸಾರ್", ಒಮ್ಮೆ ಮುನಿಯಕ್ಕನ ಕೈಗೆ ಫೋನು ಕೊಟ್ಟಾಗ ಅವಳಿಗೆ ತೆಲುಗಿನಲ್ಲಿ "ವಚ್ಚೇಸ್ತುನ್ನಾನಮ್ಮಾ". ಮೂರು ಭಾಷೆಯಲ್ಲೂ ಬರುತ್ತಿದ್ದ, ಬೀದಿಗೆ ಮಾತ್ರ ಬರುತ್ತಿರಲಿಲ್ಲ. ಒಂದು ದಿನ "ನಿಮ್ಮ ತಿರುವಿನಲ್ಲೇ ಇದೀನಿ ಮೇಡಂ" ಎನ್ನುತ್ತಿರುವಾಗ ಅವನ ಹಿಂದೆ ಬಂಗಾರಪೇಟೆ ಸ್ಟೇಷನ್ನಿನ ಘೋಷಣೆ ಕೇಳಿಸಿತು. ರೈಲು ಒಂದನೇ ಪ್ಲಾಟ್‌ಫಾರಂಗೆ ಬರುತ್ತಿದೆಯಂತೆ. ನಾನು ನಕ್ಕೆ. ಅವನೂ ನಕ್ಕ. ಆಗ ನಗುವಂಥ ವಿಷಯವೇ ಆಗಿತ್ತು ಅದು, ನಮಗೆ.

ಮುನಿಯಕ್ಕ ಮೊದಲಿಗೆ ಕಲ್ಲಿನ ಈ ತುದಿಯಿಂದ ಆ ತುದಿಗೆ ಸರಿದು ಕೂತಳು. ನಾನು ಕೂರಲು ಹೋದರೆ ಮುಖಕ್ಕೆ ಬಿಸಿ ಹೊಡೆಯುತ್ತಿತ್ತು. ನನಗೇನು, ಒಳಗೆ ತಣ್ಣಗಿತ್ತಲ್ಲ. "ಅಕ್ಕಾ, ಒಳಗೇ ಬಾ" ಎಂದು ಕರೆದೆ. ಒಂದು ದಿನ ಬಂದು, ಸೆರಗು ಹೊದ್ದು ಗೂಡುಕಟ್ಟಿ ಕೂತು, "ಆಸ್ಪತ್ರೇಲಿ ಕೂತಂಗೈತೆ ಕಣಮ್ಮಣ್ಣಿ" ಎಂದು ಎದ್ದುಹೋದಳು. ಆಮೇಲೆ ನಾನು ಹೊರಗೆ ಹೋಗುವುದು ಕಡಿಮೆಯಾಯಿತು. ಮಳೆ ಬಂದು ಎ.ಸಿ. ನಿಂತಾಗ ಮತ್ತೆ ಕಲ್ಲಿನ ಮೇಲೆ ಸೇರಿದೆವು, ನಾಗೇಶನ ಮಾತು ಮರೆತೇಹೋಯಿತು. ಸೌಕರ್ಯ ನಮ್ಮದಾಗಿದ್ದಾಗ ನೆನಪೂ ಸೌಕರ್ಯವಾಗಿಯೇ ಇರುತ್ತದೆ.

ಮರುವರ್ಷದ ಏಪ್ರಿಲ್‌ನಲ್ಲಿ ಎ.ಸಿ. ಹಾಕಿದರೆ ಒಳಗೆ ತಂಪೇ ಇಲ್ಲ. ನಾಗೇಶ ಒಂದು ಸಲ ನಿಜವಾಗಿಯೂ ಬಂದು, ಗ್ಯಾಸ್ ಹೋಗಿದೆ ಎಂದು ತುಂಬಿಸಿ ಹೋದ. ಎಂಟೇ ದಿನ. ಆಮೇಲೆ ಒಳಗಿನ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕತೊಡಗಿತು. ಕೆಳಗೆ ಬಕೆಟ್ ಇಟ್ಟೆ. ತಂಪು ಬರಲಿ ಬಿಡಲಿ, ಹಾಕಿಸಿದ್ದೇನೆ ಅನ್ನುವ ಹಟಕ್ಕೆ ಬಾಗಿಲು ಕಿಟಕಿ ಮುಚ್ಚಿಕೊಂಡು ಒಳಗೆ ಬೇಯುತ್ತಾ ಕೂರುತ್ತಿದ್ದೆ. ಹೊರಗಿನ ಪೆಟ್ಟಿಗೆ ಮಾತ್ರ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿತ್ತು.

ಒಂದು ಮಧ್ಯಾಹ್ನ ಮುನಿಯಕ್ಕ ಬಾಗಿಲು ತಟ್ಟಿದಳು. ಆವರೆಗೆ ಅವಳು ನಮ್ಮ ಬಾಗಿಲು ತಟ್ಟಿದ್ದೇ ಇರಲಿಲ್ಲ; ತೆರೆದೇ ಇರುತ್ತಿತ್ತು. ಮುಖವೆಲ್ಲ ಬೆವರು.

"ಅಮ್ಮಣ್ಣಿ, ಅದುನ್ನ ಒಸಿ ಎತ್ತಿಸ್ಬಿಡು. ಬಾಗ್ಲು ತೆಗೆಯೋಂಗಿಲ್ಲ, ಮುಚ್ಚಿದ್ರೆ ಉಸಿರು ಕಟ್ತದೆ."

"ನಾಳೆ ಬರ್ತಾನಂತೆ ಅಕ್ಕ."

"ಓದ್ ವರ್ಷಾನೂ ನಾಳೇನೇ ಬತ್ತೀನಿ ಅಂದಿದ್ದ."

ಅವಳು ಜಗಳದ ದನಿಯಲ್ಲೇನೂ ಅನ್ನಲಿಲ್ಲ. ಆದರೆ ನನಗೆ ಚುರ್ರೆಂದಿತು. ಬಕೆಟ್ಟಿನ ನೀರು, ಬಾರದ ನಾಗೇಶ, ಸೀನಿದ ಅಳಿಯ, ಎಲ್ಲರ ಮೇಲಿನ ಸಿಟ್ಟೂ ಬಾಯಿಗೆ ಬಂತು. "ನಾನೇನು ಗೋಡೆ ಹತ್ತಿ ಎತ್ತಲಾ? ನಮ್ಮ ಗೋಡೆಗೆ ತಾನೇ ಹಾಕಿರೋದು? ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಾರ್ದಾ?" ಎಂದುಬಿಟ್ಟೆ.

ಮುನಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ ಗೋಡೇನೇ, ಇಲ್ಲಾ ಅಂದ್ನಾ" ಎಂದು ಹಿಂದಿರುಗಿದಳು. ಇಪ್ಪತ್ತು ವರ್ಷದಲ್ಲಿ ಅವಳು ನನಗೆ ನಿಮ್ ಅಂದದ್ದು ಅದೇ ಮೊದಲು. ಸಂಜೆ ಹೋಗಿ ಮಾತನಾಡಿಸೋಣ ಅಂದುಕೊಂಡೆ. ನಾಳೆ ಹೋಗೋಣ ಅಂದುಕೊಂಡೆ. ನಾಗೇಶನನ್ನು ಬೈಯುತ್ತಿದ್ದ ನನ್ನ ಬಾಯಿಗೂ ಅದೇ ನಾಳೆ ಬಂದು ಕೂತಿತ್ತು. ಹೀಗೆ ಹತ್ತು ಹನ್ನೆರಡು ದಿನ ಹೋದವು.

ಅದಾದ ಮೇಲಿನ ಒಂದು ಮಂಗಳವಾರ, ಚಹಾ ಮಾಡಲೆಂದು ನಾಲ್ಕಕ್ಕೆ ಎದ್ದು ಕೋಣೆಯ ಬಾಗಿಲು ತೆರೆದಾಗ ಬೀದಿಯಲ್ಲಿ ಜನ ಕಂಡರು. ಮುನಿಯಕ್ಕ ತನ್ನ ಮುಂಬಾಗಿಲ ಮೆಟ್ಟಿಲ ಮೇಲೆ ಬಿದ್ದಿದ್ದಳಂತೆ. ಯಾರೋ ದಾರಿಹೋಕರು ನೋಡಿ, ನೀರು ಚಿಮುಕಿಸಿ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು ಅರ್ಧ ಗಂಟೆಯಾಗಿತ್ತು. ಚಪ್ಪಲಿ ಹಾಕುವುದನ್ನೂ ಮರೆತು ಓಡಿದೆ. ಗ್ಲೂಕೋಸ್ ಏರಿಸಿದ್ದರು. ಬಿಸಿಲಿನ ಝಳಕ್ಕೆ ಹೀಗಾಗಿದೆ, ರಕ್ತದೊತ್ತಡವೂ ಇದೆ, ಒಬ್ಬರನ್ನೇ ಬಿಡಬೇಡಿ ಎಂದರು ಡಾಕ್ಟರು. ಅವಳು ಕಣ್ಣು ಮುಚ್ಚಿದ್ದಳು. ನಿದ್ದೆಯೋ, ನನ್ನನ್ನು ನೋಡಲು ಮನಸ್ಸಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಮೂರನೆಯ ದಿನ ಕಾಮಸಮುದ್ರದಿಂದ ಅವಳ ತಮ್ಮ ಬಂದು ಕರೆದುಕೊಂಡು ಹೋದ.

ನಮ್ಮ ಮನೆಯವರು ಮರುದಿನವೇ ಬಂಗಾರಪೇಟೆಗೆ ಹೋಗಿ ಬೇರೆ ಮೆಕ್ಯಾನಿಕ್ ಒಬ್ಬನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡೇ ಬಂದರು. ಮಾತಿಲ್ಲದ ಮನುಷ್ಯ. ಪೆಟ್ಟಿಗೆ ಇಳಿಸಿ, ತಾರಸಿಗೆ ಎತ್ತಿ, ಪೈಪು ಜೋಡಿಸಿ, ನೀರು ಸೋರುವುದನ್ನೂ ನಿಲ್ಲಿಸಿ, ಕೈ ತೊಳೆದುಕೊಂಡ. ಎರಡು ಗಂಟೆಯೂ ಹಿಡಿಯಲಿಲ್ಲ. ಒಂದು ವರ್ಷ ನಾನು ಇದಕ್ಕೇ ಕಾದಿದ್ದೆ! ಅವನು ಹೋದ ಮೇಲೆ ಸಂದಿಗೆ ಹೋಗಿ ಕೂತೆ. ಮೂರು ಗಂಟೆಯಾಗಿತ್ತು. ತೆಳ್ಳಗೆ ಗಾಳಿ ಬಂತು. ಎದುರಿಗೆ ಬೀಗ.

ಹದಿನೈದು ದಿನ ಬಿಟ್ಟು ಕಾಮಸಮುದ್ರಕ್ಕೆ ಹೋದೆ. ತಮ್ಮನ ಮನೆಯ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಇಳಿದುಹೋಗಿದ್ದಳು. "ಬಾ, ಕೂತ್ಕ" ಎಂದಳು. ನಾನು ಕೂರುವ ಮುಂಚೆಯೇ, "ಮೇಲಕ್ಕೆ ಎತ್ತಿಸಿದೀನಿ ಅಕ್ಕ. ಈಗ ಸಂದೀಲಿ ಏನೂ ಇಲ್ಲ. ತಪ್ಪಾಯ್ತು, ಬಂದ್ಬಿಡು" ಎಂದೆ.

ಅವಳು ಒಂದು ಬೀಜ ತೆಗೆದು ಬದಿಗಿಟ್ಟಳು.

"ಆ ದಿನ ನಾನು ನಿನ್ನ ಕೂಗ್ದೆ" ಎಂದಳು. "ಕಣ್ಣು ಕತ್ಲೆ ಬಂತು. ಸಂದಿ ಬಾಗ್ಲಲ್ಲಿ ನಿಂತ್ಕಂಡು ಮೂರ್ಸಲ ಕೂಗ್ದೆ. ಆ ಮಿಸನ್ನು ಸದ್ದು ಮಾಡ್ತಿತ್ತು, ನಿನ್ ಬಾಗ್ಲು ಮುಚ್ಚಿತ್ತು. ಅದುಕ್ಕೇ ಬೀದಿ ಕಡೆ ಓದೆ."

ನಾನೂ ಒಂದು ಹುಣಸೆಹಣ್ಣು ಎತ್ತಿಕೊಂಡು ಬೀಜ ಬಿಡಿಸತೊಡಗಿದೆ.

"ನಿನ್ ತಪ್ಪು ಅಂತ ಏಳ್ತಿಲ್ಲ. ಕೇಳಿಸಿದ್ರೆ ನೀನು ಬತ್ತಿದ್ದೆ, ನಂಗೊತ್ತಿಲ್ವಾ? ಆದ್ರೆ ಇಷ್ಟು ವರ್ಸ ಆ ಮನೇಲಿ ಒಬ್ಳೇ ಎಂಗಿದ್ದೆ ಅಂತೀಯ? ಕೂಗಿದ್ರೆ ನೀನಿದೀಯ ಅಂತ. ಒಂದ್ಸಲ ಕೂಗಿ ಯಾರೂ ಬರ್ದೇ ಓದ್ಮೇಲೆ, ಧೈರ್ಯ ಓಗ್ಬಿಡ್ತು ಕಣಮ್ಮಣ್ಣಿ."

ಒಳಗಿನಿಂದ ಅವಳ ತಮ್ಮನ ಹೆಂಡತಿ ಕಾಫಿ ತಂದಳು. ಕುಡಿದೆವು.

ಆ ಮನೆಗೆ ಈಗ ಹಾಸನದ ಕಡೆಯ ಒಂದು ಸಂಸಾರ ಬಾಡಿಗೆಗೆ ಬಂದಿದೆ. ಒಳ್ಳೆಯವರು. ಅವರ ಹಿತ್ತಿಲ ಬಾಗಿಲಿಗೆ ಬೀರು ಅಡ್ಡ ಬಂದಿದೆಯಂತೆ, ತೆಗೆಯುವುದಿಲ್ಲ. ನಾನು ಮಧ್ಯಾಹ್ನಗಳಲ್ಲಿ ಎ.ಸಿ. ಹಾಕುವುದನ್ನು ಬಿಟ್ಟಿದ್ದೇನೆ. ಇದರಿಂದ ಯಾರಿಗೂ ಏನೂ ಉಪಕಾರವಿಲ್ಲ ಎಂದು ನನಗೆ ಗೊತ್ತು. ಅಡುಗೆಮನೆಯ ಬಾಗಿಲು ತೆರೆದಿಟ್ಟು ಒಬ್ಬಳೇ ಅಕ್ಕಿ ಆರಿಸುತ್ತೇನೆ. ಈಗಿನ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ.

ತಿಂಗಳಿಗೊಮ್ಮೆ ಕಾಮಸಮುದ್ರಕ್ಕೆ ಹೋಗಿಬರುತ್ತೇನೆ. ಇವತ್ತು ಹೋದದ್ದೂ ಅಲ್ಲಿಗೇ. ಮುನಿಯಕ್ಕ ಚೆನ್ನಾಗಿದ್ದಾಳೆ, ಎಮ್ಮೆಗಳಿಗೆ ಹುಲ್ಲು ಹಾಕುವಷ್ಟು ಓಡಾಡುತ್ತಾಳೆ. ಊಟ ಮಾಡಿ, ನಾಲ್ಕು ಮಾತಾಡಿ, ಮೂರೂವರೆಗೆ ಹೊರಟೆ. ಬಸ್ಸು ಬಂದಿತ್ತು, ಹತ್ತಿ ಕಿಟಕಿಯ ಪಕ್ಕ ಕೂತೆ. ಇಂಜಿನ್ನಿನ ಸದ್ದಿನ ಮಧ್ಯೆ ಬಹಳ ಸಣ್ಣಗೆ ಕೇಳಿಸಿತು:

"ಅಮ್ಮಣ್ಣೀ..."

ಬಸ್ಸು ಹೊರಟಾಗಿತ್ತು. "ನಿಲ್ಲಿಸಿ, ನಿಲ್ಲಿಸಿ" ಎಂದು ನಾನು ಕೂಗಿಕೊಂಡ ರೀತಿಗೆ ಕಂಡಕ್ಟರು ಗಾಬರಿಯಾಗಿ ಸೀಟಿ ಊದಿದ. ಇಳಿದು, ಧೂಳಿನಲ್ಲಿ ಹಿಂದಕ್ಕೆ ಓಡಿದೆ. ಮುನಿಯಕ್ಕ ಹುಣಸೆಮರದ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಕ್ಕಾ? ಏನಾಯ್ತು?"

"ಏನಿಲ್ಲ" ಎಂದಳು. "ಸುಮ್ನೆ ಕೂಗ್ದೆ."

ಮುಂದಿನ ಬಸ್ಸಿಗೆ ಒಂದೂವರೆ ಗಂಟೆಯಿತ್ತು. ಇಬ್ಬರೂ ಮರದ ಬುಡದಲ್ಲಿ ಕೂತೆವು.