ಎಡಗೈಗೆ ಒಂದು ಇಂಕ್ ಪೆನ್ನು

ನಿವೃತ್ತಿಯಾದ ಮೇಲೆ ದಿನಕ್ಕೆ ಎರಡು ಪುಟ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ. ಬಾಲ್ ಪೆನ್ನು ಒತ್ತಿ ಒತ್ತಿ ಹೆಬ್ಬೆರಳಿನ ಬುಡ ನೋಯತೊಡಗಿದಾಗ, ಕೈಗೆಟಕುವ ಬೆಲೆಯ ಒಂದು ಇಂಕ್ ಪೆನ್ನು ತರೋಣವೆಂದು ಬೀದರಿನ ಚೌಬಾರಾ ಗೋಪುರದ ಹತ್ತಿರದ ಸ್ಟೇಷನರಿ ಅಂಗಡಿಗೆ ಹೋದೆ. ಪೆನ್ನಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ ಎಂದೇ ತಿಳಿದಿದ್ದೆ. ಭಾಲ್ಕಿಯ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ಕನ್ನಡ ಕಲಿಸಿದವನು ನಾನು. ನನ್ನ ತರಗತಿಯಲ್ಲಿ ಎಲ್ಲರೂ ಇಂಕ್ ಪೆನ್ನಿನಲ್ಲೇ ಬರೆಯಬೇಕಿತ್ತು.

ಅಂಗಡಿಯ ಮಾಲೀಕರು ವಯಸ್ಸಾದವರು. ಐದಾರು ಪೆನ್ನು ತೆಗೆದು, ಒಂದೊಂದರ ನಿಬ್ಬನ್ನೂ ಮಸಿಯಲ್ಲಿ ಅದ್ದಿ ಕೊಟ್ಟರು.

“ಚಮಕ್ ನೋಡಬ್ಯಾಡ್ರಿ ಸಾಬ್. ನೀವು ದಿನಾ ಬರಿಯೋ ವಹಿ ತಂದೀರೇನು? ಅದರಾಗ ಬರದು ನೋಡ್ರಿ.”

ಚೀಲದಿಂದ ನನ್ನ ನೋಟುಪುಸ್ತಕ ತೆಗೆದೆ. ಸ್ಟೀಲಿನ ಪೆನ್ನು ನಾಲ್ಕು ಸಾಲಿಗೇ ಕೈಗೆ ಭಾರವಾಯಿತು. ಇನ್ನೊಂದರ ದಪ್ಪ ನಿಬ್ಬು ಹಿಂಬದಿಯ ಪುಟಕ್ಕೂ ಮಸಿ ಇಳಿಸಿತು. ಕೊನೆಗೆ ಒಂದು ಹಗುರಾದ ಪ್ಲಾಸ್ಟಿಕ್ ಪೆನ್ನು ಒತ್ತದೆಯೇ ಸಲೀಸಾಗಿ ಓಡಿತು. ಇದೇ ಇರಲಿ ಎಂದೆ.

“ನಿಮಗೇ ಅಲ್ಲೇನ್ರಿ? ಬಲಗೈಲೇ ಬರೀತೀರಿ, ನಡೀತದ. ಎಡಗೈಯವ್ರಿಗಿ ಇದು ಆಗಂಗಿಲ್ಲ.”

“ಯಾಕ್ರೀ?”

“ಬರದ ಅಕ್ಷರದ ಮ್ಯಾಲೇ ಕೈ ಹಾಯ್ತದಲ್ರಿ, ಹಸಿ ಮಸಿ ಒರಸ್ತದ. ಅವ್ರಿಗಿ ಸಣ್ಣ ನಿಬ್ಬು ಬೇಕು, ಜಲ್ದಿ ಒಣಗೋ ಇಂಕ್ ಬೇಕು. ಪಾಪ, ಭಾಳ ಮಂದಿ ತಮ್ಮ ಅಕ್ಷರಾನೇ ಖರಾಬ್ ಅಂತ ತಿಳ್ಕೊಂಡಿರ್ತಾರ.”

ನನಗೆ ನನ್ನ ತರಗತಿಯ ಒಬ್ಬ ಹುಡುಗಿ ನೆನಪಾದಳು. ಹಲಬರ್ಗಾ ಹಳ್ಳಿಯಿಂದ ಬರುತ್ತಿದ್ದಳು, ಕುರಿ ಸಾಕುವ ಮನೆಯವಳು. ಎಂಟನೇ ತರಗತಿಗೆ ಬಂದಾಗ ಅವಳ ಎಡ ಅಂಗೈಯ ಅಂಚು ಯಾವಾಗಲೂ ನೀಲಿಯಾಗಿರುತ್ತಿತ್ತು, ವಹಿಯ ಪ್ರತಿ ಸಾಲೂ ಕದಡಿರುತ್ತಿತ್ತು. ಒಂದು ದಿನ ಆ ವಹಿಯನ್ನು ಎಲ್ಲರೆದುರು ಎತ್ತಿ ಹಿಡಿದು ಕೇಳಿದ್ದೆ: “ಇದು ವಹಿಯೋ, ಕುರಿದೊಡ್ಡಿಯೋ?” ತರಗತಿ ಗೊಳ್ಳೆಂದು ನಕ್ಕಿತ್ತು. ಅವಳು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ಮರುವರ್ಷ ಅವಳ ವಹಿ ಚೊಕ್ಕಟವಾದಾಗ, ನನ್ನ ಶಿಸ್ತು ಫಲಿಸಿತು ಎಂದು ಸಹೋದ್ಯೋಗಿಗಳ ಮುಂದೆ ಬೀಗಿದ್ದೂ ನಾನೇ. ಹೇಗೆ ಚೊಕ್ಕಟವಾಯಿತೆಂದು ನೋಡುವ ಗೋಜಿಗೆ ಹೋಗಿರಲಿಲ್ಲ.

ಸಣ್ಣ ನಿಬ್ಬಿನ ಇನ್ನೊಂದು ಪೆನ್ನಿಗೆ ಬೇಗ ಒಣಗುವ ಇಂಕು ತುಂಬಿಸಿ ಅದನ್ನೂ ಕಟ್ಟಿಸಿಕೊಂಡೆ.

ಅವಳು ಔರಾದ್ ತಾಲ್ಲೂಕಿನಲ್ಲಿ, ಠಾಣಾ ಕುಶನೂರದ ಆಚೆಯ ಒಂದು ಹಳ್ಳಿಯಲ್ಲಿ ನರ್ಸ್ ಆಗಿದ್ದಳು. ಅದು ನನಗೆ ಗೊತ್ತಿತ್ತು. ನನ್ನ ಶಿಷ್ಯೆ ಎಂದು ನಾಲ್ಕು ಜನರೆದುರು ಹೇಳಿಕೊಂಡೂ ಇದ್ದೆ. ಎರಡು ಬಸ್ಸು ಬದಲಿಸಿ ಅವಳ ಆರೋಗ್ಯ ಕೇಂದ್ರಕ್ಕೆ ಹೋದೆ. ನೋಡಿದ ಕೂಡಲೇ ಗುರುತು ಹಿಡಿದು ಎದ್ದು ನಿಂತಳು.

“ಸರ್, ನೀವ್ ಇಲ್ಲಿ ಹ್ಯಾಂಗ ಬಂದ್ರಿ? ಕೂಡ್ರಿ ಕೂಡ್ರಿ.”

ಕುರ್ಚಿ ಒರೆಸಿ ಕೊಟ್ಟು, ಅರ್ಧಕ್ಕೆ ಬಿಟ್ಟಿದ್ದ ರಿಜಿಸ್ಟರ್ ಬರೆದು ಮುಗಿಸಿದಳು. ಪೆನ್ನು ಬಲಗೈಯಲ್ಲಿತ್ತು. ಅದನ್ನು ನೋಡಿ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತೇಹೋಯಿತು.

“ಯಾವಾಗಿಂದವ್ವ ಬಲಗೈಲೆ?” ಎಂದೆ.

“ಎಂಟನೇ ಕ್ಲಾಸಿನಿಂದ್ರಿ. ಕುರಿ ಕಾಯೋ ಮುಂದ ಕಡ್ಡಿ ತಗೊಂಡು ಮಣ್ಣಾಗ ತಿದ್ದಿ ತಿದ್ದಿ ಕಲ್ತೆ. ಒಂದ್ ವರ್ಷ ಬೇಕಾತು.” ನಗುತ್ತಲೇ ಹೇಳಿದಳು. ಆಮೇಲೆ ದನಿ ತಗ್ಗಿಸಿ, “ಜಲ್ದಿ ಮಾತ್ರ ಬರಲಿಲ್ರಿ. ಮೆಟ್ರಿಕ್ ಪರೀಕ್ಷಾದಾಗ ಎಲ್ಲಾ ಗೊತ್ತಿತ್ತು ಸರ್, ಬರಿಲಾಕ ಟೈಮ್ ಸಾಲಲಿಲ್ಲ” ಎಂದಳು.

ಕಡಿಮೆ ಅಂಕದ ಆ ಫಲಿತಾಂಶ ಬಂದ ದಿನ, ನೀನು ಇನ್ನಷ್ಟು ಚೆನ್ನಾಗಿ ಓದಬೇಕಿತ್ತು ಎಂದು ಅವಳಿಗೆ ಬುದ್ಧಿ ಹೇಳಿದ್ದೆ.

“ತಪ್ಪು ನಂದು. ಕೈ ನೋಡದೆ ಅಕ್ಷರ ನೋಡಿದೆ. ಎಲ್ಲರ ಮುಂದ ನಿನಗ ಹಂಗ ಅನ್ನಬಾರದಿತ್ತು” ಎಂದು ಪೆನ್ನು ಮುಂದಿಟ್ಟೆ.

ಅವಳು ಇಲ್ಲರಿ ಸರ್ ಅನ್ನಲಿಲ್ಲ, ಇರಲಿ ಬಿಡ್ರಿ ಎಂದೂ ಅನ್ನಲಿಲ್ಲ. ಪೆನ್ನು ತೆಗೆದು ಎಡಗೈಯಲ್ಲಿ ಹಿಡಿದು ಒಂದು ಚೀಟಿಯ ಮೇಲೆ ತನ್ನ ಹೆಸರು ಬರೆದಳು. ಅಂಗೈ ಮೇಲೆ ಹಾದರೂ ಮಸಿ ಕದಡಲಿಲ್ಲ. ಆದರೆ ಅಕ್ಷರ ಎಂಟನೇ ತರಗತಿಯಲ್ಲೇ ನಿಂತಿತ್ತು, ಮಕ್ಕಳ ಅಕ್ಷರದಂತೆ ದುಂಡಗೆ, ಓರೆಯಾಗಿ.

“ಚಂದ ಅದರಿ. ಆದ್ರ ನಮ್ಮದು ಕಾರ್ಬನ್ ಇಟ್ಟು ಬರಿಯೋ ಕೆಲಸ. ಇದು ಒತ್ತಿದ್ರ ನಿಬ್ಬು ಹೋಗ್ತದ.” ಮುಚ್ಚಳ ಹಾಕಿ ಪೆನ್ನನ್ನು ನನ್ನ ಕೈಗೇ ಕೊಟ್ಟಳು. “ನೀವೇ ಬರೀರಿ ಸರ್.”

ಅಷ್ಟರಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ಬಂದಳು. ಶಿಷ್ಯೆ ಎದ್ದು ಕೈ ತೊಳೆದು, ಎಡಗೈಯಲ್ಲಿ ಸೂಜಿ ಹಿಡಿದು, ಕೂಸು ಅಳುವಷ್ಟರಲ್ಲಿ ಚುಚ್ಚಿ ಮುಗಿಸಿದ್ದಳು. ನಾನು ನೋಡುತ್ತಿರುವುದು ಅವಳಿಗೆ ತಿಳಿಯಿತು.

“ಬರಿಯೋದೊಂದೇ ಬಲಗೈರಿ ಸರ್. ಉಳಿದಿದ್ದೆಲ್ಲಾ ಇದೇ” ಎಂದು ಹೇಳಿ, ಅಳುವ ಕೂಸನ್ನು ಸಮಾಧಾನಪಡಿಸತೊಡಗಿದಳು.