ಕುಂಕುಮ ಹತ್ತಿದ ಬೋರ್ಡು

ಕೊಳ್ಳೇಗಾಲದ ಗುಜರಿ ಅಂಗಡೀಲಿ ಬೋರ್ಡು ವಿಂಗಡಿಸೋದು ನನ್ನ ಕೆಲಸ. ಯಳಂದೂರಿನ ಆಫೀಸುಗಳ ಹಳೇ ಕಂಪ್ಯೂಟರು, ಹನೂರು ಕಡೆಯ ಒಡೆದ ಟಿವಿ, ಸತ್ತ ಮೊಬೈಲು, ಎಲ್ಲದರ ಹೊಟ್ಟೆ ಬಗೆದು ಒಳಗಿನ ಬೋರ್ಡನ್ನ ನನ್ನ ಮುಂದೆ ಸುರೀತಾರೆ. ಹಸಿರು ಹಲಗೆ, ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲು ಇದ್ದರೆ ಮೊದಲನೇ ಗುಡ್ಡೆ, ಅದಕ್ಕೇ ಜಾಸ್ತಿ ರೇಟು. ಟಿವಿಯ ಕಂದು ಹಲಗೆ ಕೊನೇ ಗುಡ್ಡೆ. ಕತ್ತು ಬಿದ್ದೋಗುತ್ತೆ, ಕಣ್ಣು ಉರಿಯುತ್ತೆ. ಸಾಕಪ್ಪಾ ಸಾಕು ಅಂತ ದಿನಾ ಅಂದ್ಕೋತೀನಿ, ದಿನಾ ಬಂದು ಕೂರ್ತೀನಿ.

ಒಂದು ಮಧ್ಯಾಹ್ನ ನನ್ನಣ್ಣ ಬಂದ. ರೇಷ್ಮೆ ಸೀರೆ ನೇಯೋನು. ಮನೇಲಿ ಎರಡು ಮಗ್ಗ, ಎರಡರ ಮೇಲೂ ಸೆರಗಿನ ಡಿಸೈನು ಎಬ್ಬಿಸೋ ಎಲೆಕ್ಟ್ರಾನಿಕ್ ಡಬ್ಬ. ಒಂದು ನಿಂತುಹೋಗಿತ್ತು. ರಿಪೇರಿಯವನು ಆಗಲ್ಲ ಅಂದಿದ್ದ. ಅದರ ಬೋರ್ಡನ್ನ ಟವೆಲಿನಲ್ಲಿ ಸುತ್ತಿ, ಕೂಸನ್ನ ಎತ್ಕೊಂಡು ಬಂದಂಗೆ ತಂದಿದ್ದ.

"ನೀನು ದಿನಾ ಇದ್ನೇ ನೋಡ್ತೀಯಲ್ಲವ್ವಾ, ಒಸಿ ನೋಡು. ಬದುಕ್ತದಾ?"

ನನಗೆ ರೇಗಿತು. ನನಗೆ ಗೊತ್ತಿರೋದು ಸತ್ತಿದ್ದನ್ನ ಗುಡ್ಡೆ ಮಾಡೋದು, ಬದುಕಿಸೋಕೆ ನಾನೇನು ಡಾಕ್ಟರಾ? ಆದರೂ ಬಿಸಿಲಿಗೆ ಹಿಡಿದೆ. ಒಳ್ಳೇ ಹಸಿರು ಬೋರ್ಡು. ಅದರ ಮೈತುಂಬ ವಿಭೂತಿ, ಅರಿಶಿನ, ಕುಂಕುಮ. ನೀರಲ್ಲಿ ಕಲಸಿ ಹಚ್ಚಿದ್ದು, ಒಂದರ ಮೇಲೊಂದು ಒಣಗಿ ಕೂತಿತ್ತು. ಅದರಡಿ ತಾಮ್ರದ ಗೆರೆಗಳೆಲ್ಲ ಕಿಲುಬು ಹಿಡಿದು ಸವೆದುಹೋಗಿದ್ದವು.

"ಇದೇನಣ್ಣಾ ಇದು?"

"ಆಯುಧಪೂಜೆದು ಕಣವ್ವಾ. ವರ್ಷ ವರ್ಷಾನೂ ಡಬ್ಬ ಬಿಚ್ಚಿ ಒಳಕ್ಕೇ ಹಚ್ತೀನಿ. ಕೆಲಸ ಮಾಡೋದು ಒಳಗಿರೋದು ತಾನೆ?"

"ಇನ್ನೊಂದು ಮಗ್ಗದ್ದಕ್ಕೂ?"

"ಊಂ ಮತ್ತೆ. ಅದುಕ್ಕೊಂದು ಇದುಕ್ಕೊಂದು ಮಾಡಕ್ಕಾಯ್ತದಾ?"

ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಪೂಜೆ ಹತ್ತಿರ ಬಂದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನಂಗಾಗಬಾರದು. ಆ ಮಗ್ಗವೂ ನಿಂತರೆ ಅವನೂ ನನ್ನ ಪಕ್ಕ ಗೋಣಿಚೀಲ ಹಾಸ್ಕೊಂಡು ಕೂರಬೇಕು.

"ಪೂಜೆ ನೀರೇ ಇದನ್ನ ತಿಂದಿರೋದು ಕಣಣ್ಣಾ," ಅಂದೆ. "ಇನ್ನೊಂದರ ಮುಚ್ಚಳ ತೆಗೀಬ್ಯಾಡ. ಡಬ್ಬದ ಮೇಲೆ ಒಂದು ಬೊಟ್ಟು ಇಟ್ಟು ಕೈಮುಗಿ, ಸಾಕು."

ಅವನು ಸರಿ ಅನ್ನೋ ಹಾಗೆ ತಲೆಯಾಡಿಸಿ, ಬೋರ್ಡನ್ನ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟ.

"ಮನೇಲಿ ಬೇರೆ ಯಾವುದ್ನೂ ಇಷ್ಟು ಚೆನ್ನಾಗಿ ನೋಡ್ಕಂಡಿರ್ಲಿಲ್ಲ ಕಣವ್ವಾ," ಅಂದ.

ಅದು ಮೊದಲನೇ ಗುಡ್ಡೆಯ ಬೋರ್ಡು. ಅವನು ಬಾಗಿಲು ದಾಟೋವರೆಗೂ ಅದನ್ನ ಗುಡ್ಡೆಗೆ ಎಸೆಯೋಕೆ ನನಗೆ ಕೈ ಬರಲಿಲ್ಲ.